ಕಡ ತಂದ ವೈರಸ್ಸು

ನಮ್ಮ ಮನೆಯವರು ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಸಂದರ್ಭ ಸಿಗದೆ ಹೋಗಬಹುದು. ಮದುವೆಯಾದ ಈ ನಲವತ್ತಮೂರು ವರ್ಷಗಳಲ್ಲಿ ಇವರು ಇನ್ನೊಬ್ಬರ ಕಾರು ಕಂಡು, ಮಹಡಿ ಮನೆ ಕಂಡು, ತಲೆ ತುಂಬ ಕೂದಲು ಕಂಡು ಕರುಬಿದವರಲ್ಲ. ಇವರ ಹೊಟ್ಟೆಕಿಚ್ಚೆಲ್ಲ ಒಬ್ಬರೇ ಒಬ್ಬರಿಗೆ ಮೀಸಲು. ಅವರು ಎದುರುಮನೆಯ ಕನ್ನಡಕದವರು.

ಇವರದು ಬೀಗ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೇಜು, ಏಳೆಂಟು ಅರ, ಡಬ್ಬಿ ತುಂಬ ಸ್ಪ್ರಿಂಗು, ಗೋಡೆಗೆ ಒಂದು ಹಲಗೆ. ಎದುರಿಗೆ ಅವರದು ಕನ್ನಡಕದ ಅಂಗಡಿ, ಹಿಂದೆ ಮನೆ. ಎರಡೂ ಅಂಗಡಿ ತೆರೆದದ್ದು ಒಂದೇ ತಿಂಗಳು. ಯಾರದು ನಾಲ್ಕು ದಿನ ಮೊದಲು ಎಂಬ ತಕರಾರು ಮಾತ್ರ ಇಂದಿಗೂ ತೀರ್ಮಾನವಾಗಿಲ್ಲ.

ಆ ಹಲಗೆಯ ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ಊರಿಗೆ ಹೋಗುವವರು ಮನೆಯ ಬೀಗದಕೈಯನ್ನು ಇವರ ಕೈಗೆ ಕೊಟ್ಟು ಹೋಗುತ್ತಾರೆ, ಇವರು ಅದನ್ನು ಹಲಗೆಯ ಮೊಳೆಗೆ ನೇತುಹಾಕುತ್ತಾರೆ. ಇದನ್ನು ಕೇಳಿದ ಬೇರೆ ಬೀದಿಯವರು ನಗುತ್ತಾರೆ. ಯಾವ ಬೀಗವನ್ನಾದರೂ ಎರಡು ನಿಮಿಷದಲ್ಲಿ ಒಂದು ತಂತಿಯಿಂದ ತೆಗೆಯಬಲ್ಲ ಮನುಷ್ಯನಿಗೆ ಯಾರಾದರೂ ಬೀಗದಕೈ ಕೊಡುತ್ತಾರೆಯೆ? ನಮ್ಮ ಬೀದಿಯವರ ತರ್ಕವೇ ಬೇರೆ. ಹೇಗಿದ್ದರೂ ತೆಗೆಯಬಲ್ಲವರು, ನಾವೇ ಕೊಟ್ಟುಬಿಟ್ಟರೆ ನಮಗೂ ನಿದ್ದೆ, ಅವರಿಗೂ ಮರ್ಯಾದೆ. ಆ ಮರ್ಯಾದೆಯ ಮೇಲೆ ಇವರು ಮೂವತ್ತು ವರ್ಷ ಎದೆಯುಬ್ಬಿಸಿ ಓಡಾಡಿದ್ದಾರೆ.

ಇಂಥ ಎದೆಗೆ ಒಂದು ಸಂಜೆ ಸೂಜಿ ಚುಚ್ಚಿತು.

ಮೂಲೆಮನೆಯ ಟೀಚರಮ್ಮ ಮಗಳ ಬಾಣಂತನಕ್ಕೆ ಎರಡು ತಿಂಗಳು ಹೊರಟಿದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಯಲ್ಲಿ ಅವರ ಮಾತಿಗೆ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಅವತ್ತು ಅವರು ನಮ್ಮ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ನನ್ನೊಡನೆ ಮಾತಾಡುತ್ತಿದ್ದಾಗ ಕನ್ನಡಕದವರು ರಸ್ತೆ ದಾಟಿ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಏನೋ ಒಂದು ದೊಡ್ಡಸ್ತಿಕೆಯ ಸಂಕಟ.

"ಏನು ಹೇಳೋದು ಟೀಚರಮ್ಮ, ಇವತ್ತು ಮತ್ತೆ ಹದಿನೇಳು."

"ಏನು ಹದಿನೇಳು?"

"ವೈರಸ್ಸು. ನನ್ನ ಫೋನಿಗೆ ನುಗ್ಗೋಕೆ ನೋಡಿದ್ವು. ನನ್ನ ಆಂಟಿವೈರಸ್ಸು ಒಂದೂ ಬಿಡದ ಹಾಗೆ ಹಿಡಿದುಹಾಕ್ತು. ನಿನ್ನೆ ಹದಿನಾಲ್ಕಿತ್ತು. ದಿನಾ ಇದೇ ಗೋಳು."

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ಫೋನಿನ ತುಂಬ ಕೆಂಪು ದೀಪ ಉರಿಯುತ್ತಿತ್ತು. ಮಧ್ಯದಲ್ಲಿ ಹದಿನೇಳು ಎಂಬ ಅಂಕಿ ಗುಬ್ಬಚ್ಚಿಯ ಎದೆಯ ಹಾಗೆ ಡವಡವ ಬಡಿದುಕೊಳ್ಳುತ್ತಿತ್ತು.

"ಅಬ್ಬಾ! ಒಳ್ಳೆ ಕಾವಲು ಇಟ್ಟಿದ್ದೀರಿ" ಎಂದು ಟೀಚರಮ್ಮ ಇವರ ಕಡೆ ತಿರುಗಿದರು. "ನಿಮ್ಮದು ಎಷ್ಟು ಬೀಗದವರೇ?"

ಇವರು ಅರ ಕೆಳಗಿಟ್ಟು ತಮ್ಮ ಫೋನು ತೆಗೆದರು. ಕೊಂಡಾಗಲೇ ಅಂಗಡಿಯವರು ಹಾಕಿಕೊಟ್ಟ ಆಂಟಿವೈರಸ್ಸು ಅದರಲ್ಲಿತ್ತು. ಒತ್ತಿದರು. ಅದು ಸುತ್ತಿತು, ಸುತ್ತಿತು, ಕೊನೆಗೆ ಹಸಿರು ಅಕ್ಷರದಲ್ಲಿ ಹೇಳಿತು: ‘ಯಾವುದೇ ಅಪಾಯ ಕಂಡುಬಂದಿಲ್ಲ.’

"ಒಂದೂ ಇಲ್ವಾ?" ಎಂದರು ಕನ್ನಡಕದವರು. ಕೇಳಿದ ರೀತಿ ಹೇಗಿತ್ತೆಂದರೆ, ಮಕ್ಕಳಾಗಲಿಲ್ಲವಾ ಎಂದು ಕೇಳಿದ ಹಾಗಿತ್ತು. "ಹೋಗಲಿ ಬಿಡಿ. ಎಲ್ಲರಿಗೂ ಬರಲ್ಲ."

ಟೀಚರಮ್ಮ ಹೊರಡುವಾಗ ತಡವರಿಸುತ್ತ ಹೇಳಿದರು. "ಈ ಸಲ ಮನೆ ಜವಾಬ್ದಾರಿ ಯಾರಿಗೆ ವಹಿಸೋದು ಅಂತ ಯೋಚನೆ ಮಾಡ್ತಿದೀನಿ. ಈ ಕನ್ನಡಕದವರು ಬಾಗಿಲಿಗೆ ಕ್ಯಾಮೆರಾ ಇಟ್ಟು ಫೋನಲ್ಲೇ ನೋಡ್ಕೋತೀನಿ ಅಂತಾರೆ. ಶನಿವಾರ ಹೊರಡೋದು. ಅಷ್ಟರಲ್ಲಿ ಹೇಳ್ತೀನಿ."

ಅವತ್ತು ಊಟಕ್ಕೆ ಕೂತಾಗ ಇವರು ಅನ್ನ ಕಲೆಸುತ್ತಲೇ ಇದ್ದರು, ಬಾಯಿಗೆ ಹೋಗುತ್ತಿರಲಿಲ್ಲ.

"ಕಳ್ಳರು ಯಾರ ಮನೆಗೆ ಬರ್ತಾರೆ ಹೇಳು?"

"ಯಾರ ಮನೆಗೆ?"

"ಏನಾದ್ರೂ ಇರೋರ ಮನೆಗೆ. ಅವನ ಫೋನಿಗೆ ದಿನಕ್ಕೆ ಹದಿನೇಳು ಬರ್ತವೆ. ನನ್ನ ಫೋನನ್ನ ಒಂದು ವೈರಸ್ಸೂ ತಿರುಗಿ ನೋಡಿಲ್ಲ. ನಲವತ್ತು ವರ್ಷ ಈ ಬೀದಿಗೆ ಬೀಗ ಹಾಕಿದೋನು ನಾನು!"

"ಇಲ್ದೇ ಇರೋದು ಒಳ್ಳೇದಲ್ವಾ ರೀ?"

"ನಿಂಗೆ ಗೊತ್ತಾಗಲ್ಲ. ಇದು ವೃತ್ತಿಯ ಪ್ರಶ್ನೆ."

ಮರುದಿನದಿಂದ ಒಳ್ಳೆಯ ಆಂಟಿವೈರಸ್ಸಿನ ಆಯ್ಕೆ ಶುರುವಾಯಿತು. ಒಳ್ಳೆಯದು ಎಂದರೆ ಇವರ ಪ್ರಕಾರ ಜಾಸ್ತಿ ಹಿಡಿಯುವಂಥದ್ದು. ಮೊದಲಿನದರ ಜೊತೆಗೆ ಇನ್ನೆರಡು ಹಾಕಿಕೊಂಡರು. ಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ ಇದ್ದರೆ ಗಟ್ಟಿ ತಾನೆ ಎಂಬುದು ಇವರ ವಾದ. ಫೋನು ದೋಸೆ ಹೆಂಚಿನ ಹಾಗೆ ಕಾದಿತು. ಮೂರೂ ಸೇರಿ ಹುಡುಕಿ ಮೂರು ಬಾರಿ ಹೇಳಿದವು: ಅಪಾಯ ಇಲ್ಲ, ಅಪಾಯ ಇಲ್ಲ, ಅಪಾಯ ಇಲ್ಲ.

"ಮೂರೂ ದಂಡಪಿಂಡಗಳು" ಎಂದರು ಇವರು.

ಇಲ್ಲಿ ಇವರ ಕೆಲಸದ ಪದ್ಧತಿಯೊಂದನ್ನು ತಿಳಿಸಬೇಕು. ಹೊಸ ಬೀಗ ಯಾವುದೇ ಬರಲಿ, ಇವರು ಅದರ ಡಬ್ಬಿಯ ಮೇಲೆ ಬರೆದದ್ದನ್ನು ಓದುವುದಿಲ್ಲ. ಮೇಜಿನ ಮೇಲಿಟ್ಟು, ತಾವೇ ಕಳ್ಳರಾಗಿ, ತಂತಿ ಹಾಕಿ ತೆಗೆಯಲು ನೋಡುತ್ತಾರೆ. ಎರಡು ನಿಮಿಷದಲ್ಲಿ ತೆರೆದುಕೊಂಡರೆ ಕೆಳಗಿನ ಕಪಾಟಿಗೆ, ಹತ್ತು ನಿಮಿಷ ತಡೆದರೆ ಮೇಲಿನ ಕಪಾಟಿಗೆ. ಕಳ್ಳನನ್ನು ಕಾಣದ ಬೀಗದ ಬಗ್ಗೆ ಇವರು ಮಾತೇ ಆಡುವುದಿಲ್ಲ.

ಹಾಗಾಗಿ ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತರು.

"ನನಗೊಂದು ವೈರಸ್ಸು ಬೇಕು."

"ಏನು?"

"ಒಂದೇ ಸಾಕು. ಒಳಗೆ ಬಿಟ್ಟು ನೋಡಬೇಕು, ಈ ಮೂರರಲ್ಲಿ ಯಾವುದು ಹಿಡಿಯುತ್ತೆ ಅಂತ. ಪರೀಕ್ಷೆ ಮಾಡದೆ ಆರಿಸೋದು ಹೇಗೆ?"

"ವೈರಸ್ಸು ಎಲ್ಲಿ ಸಿಗುತ್ತೆ ರೀ?"

ಇವರು ಎದುರುಮನೆ ಕಡೆ ನೋಡಿದರು, ಆಮೇಲೆ ಸೂರು ನೋಡಿದರು. "ಅಲ್ಲಿ ದಿನಾ ಹದಿನೇಳು ಹಿಡಿದು ದಂಡ ಮಾಡ್ತಾರಂತೆ. ನಾನು ಕೇಳಲ್ಲ. ಸತ್ರೂ ಕೇಳಲ್ಲ. ನೀನು ಹೆಂಗಸರ ಹತ್ರ ಕೇಳ್ಕೊಂಡು ಬಾ. ನನಗೆ ಅಂತ ಮಾತ್ರ ಹೇಳಬೇಡ."

ಬಿ.ಎ. ಓದಿದ ಹೆಂಗಸು ನಾನು. ಒಂದು ಕಾಲದಲ್ಲಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವಳು. ಹೆಪ್ಪಿಗೆ ಮೊಸರು ಕೇಳುವ ಹಾಗೆ ವೈರಸ್ಸು ಕೇಳಲು ರಸ್ತೆ ದಾಟಿದೆ.

ಕನ್ನಡಕದವರ ಹೆಂಡತಿ ನನಗಿಂತ ಹತ್ತು ವರ್ಷ ಚಿಕ್ಕವಳು. ಇಷ್ಟು ವರ್ಷದಲ್ಲಿ ನಮ್ಮ ಗಂಡಂದಿರು ನಾಲ್ಕು ನೂರು ಸಲ ಮಾತು ಬಿಟ್ಟಿದ್ದಾರೆ, ನಾವು ಒಂದು ಸಲವೂ ಬಿಟ್ಟಿಲ್ಲ. ನಾನು ಕೇಳಿದ್ದಕ್ಕೆ ಅವಳು ನಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ಒಂದು ಸಾಕಾ ಅಕ್ಕಾ?" ಎಂದಳು, ಅಷ್ಟೆ.

"ಸಾಕಮ್ಮ."

"ಬಿಡಿಯಾಗಿ ಕೊಡೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ. ನಮ್ಮೋರ ಫೋನಲ್ಲಿ ಆ ಆ್ಯಪ್ ಬಂದ ಲಿಂಕ್ ಇದೆ. ಅದನ್ನೇ ಭಾವನವರಿಗೆ ಕಳಿಸಿಬಿಡ್ಲಾ? ನಮ್ಮೋರು ಭಾವನವರ ನಂಬರ್ ಅಳಿಸಿಬಿಟ್ಟಿದಾರೆ, ನಂಗೆ ಬಾಯಿಪಾಠ ಇದೆ. ಅವರು ಸ್ನಾನಕ್ಕೆ ಹೋಗಿದಾರೆ, ಈಗಲೇ ಕಳಿಸಬೇಕು."

"ಇವರಿಗೆ ಅಂತ ನಾನು ಹೇಳಲಿಲ್ವಲ್ಲ?"

"ನೀವು ಹೇಳಲಿಲ್ಲ ಅಕ್ಕಾ" ಎಂದು ಅವಳು ಲಿಂಕ್ ಕಳಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದಳು: "ಹದಿನೇಳಕ್ಕಿಂತ ಜಾಸ್ತಿ ಬಂದ್ರೆ ಮಾತ್ರ ನಮ್ಮೋರಿಗೆ ತಿಳಿಯೋದು ಬೇಡ. ಊಟ ಬಿಟ್ಟುಬಿಡ್ತಾರೆ."

ನಾನು ಮನೆ ಸೇರುವಷ್ಟರಲ್ಲಿ ಇವರು ಲಿಂಕ್ ಒತ್ತಿಯಾಗಿತ್ತು. ಆ ಆ್ಯಪ್ ಒಂದೊಂದಾಗಿ ಅನುಮತಿ ಕೇಳಿತು. ಹೆಸರುಗಳನ್ನು ನೋಡಬಹುದಾ? ಮೆಸೇಜು ಕಳಿಸಬಹುದಾ? ಫೋಟೋ ನೋಡಬಹುದಾ? ಎಲ್ಲಕ್ಕೂ ಹೂಂ ಎಂದರು. ನನ್ನನ್ನು ಮದುವೆಯಾಗಲು ಕೂಡ ಇವರು ಇಷ್ಟು ಬೇಗ ಹೂಂ ಅಂದಿರಲಿಲ್ಲ.

ಕೊನೆಯ ಹೂಂ ಮುಗಿಯುವುದಕ್ಕೂ, ಮೊದಲಿನಿಂದ ಇದ್ದ ಆಂಟಿವೈರಸ್ಸು ಎಚ್ಚರವಾಗುವುದಕ್ಕೂ ಸರಿಹೋಯಿತು. ಅಷ್ಟು ದಿನ ತೆಪ್ಪಗಿದ್ದದ್ದು ಟಿಣ್ಣೆಂದು ಸದ್ದು ಮಾಡಿ ಹೇಳಿತು: ‘ಈಗ ಹಾಕಿಕೊಂಡ ಆ್ಯಪ್ ಅಪಾಯಕಾರಿ. ತೆಗೆದುಹಾಕಿ.’

ಇವರು ಅದನ್ನು ಜೋರಾಗಿ ಓದಿದರು. ಎರಡು ಸಲ ಓದಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ನೋಡ್ದಾ? ಹೊಸಬ ಬಂದ ಅಂದ ಕೂಡ್ಲೇ ಹಳಬನಿಗೆ ಹೊಟ್ಟೆಕಿಚ್ಚು! ಇಷ್ಟು ದಿನ ಬಾಯಿ ಬಿಡಲಿಲ್ಲ, ಈಗ ಚಾಡಿ ಹೇಳ್ತಾನೆ. ಇಂಥ ಸಣ್ಣ ಮನಸ್ಸಿನೋರು ನನಗೆ ಬೇಡ."

ಹಾಗೆಂದು ಅದನ್ನು ತೆಗೆದುಹಾಕಿದರು. ಜೊತೆಗಿದ್ದ ಇನ್ನೆರಡನ್ನೂ ತೆಗೆದುಹಾಕಿದರು. ಹೊಸಬನೊಬ್ಬನೇ ಉಳಿದ. ಅವನು ಒಂದು ಸುತ್ತು ಸುತ್ತಿದ, ಕೆಂಪು ದೀಪ ಹಚ್ಚಿದ, ಡವಡವ ಬಡಿದುಕೊಂಡು ತೋರಿಸಿದ: ‘ಮೂವತ್ತೊಂದು ಅಪಾಯಗಳನ್ನು ಹಿಡಿಯಲಾಗಿದೆ!’

ಇವರ ಕಣ್ಣಲ್ಲಿ ನೀರು ಬಂತು.

"ಮೂವತ್ತೊಂದು ಕಣೇ! ಅವನ ಡಬ್ಬಲ್ಲು ಹತ್ರಹತ್ರ!"

ಅರ್ಧ ಗಂಟೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಗೊತ್ತಾಗಲಿ ಎಂದೇ ಇವರು ಎಣ್ಣೆ ಡಬ್ಬಿ ಹಿಡಿದು ಮನೆಮನೆಯ ಗೇಟಿಗೆ ಬಿಟ್ಟಿಯಾಗಿ ಎಣ್ಣೆ ಹಾಕಿಬಂದರು. ಹಾಕುತ್ತ ಹಾಕುತ್ತ, ಇವತ್ತೇನೋ ಮೂವತ್ತೊಂದು, ನಾಳೆ ಎಷ್ಟೋ ಎಂದು ಸುಸ್ತಾದವರಂತೆ ನುಡಿದರು. ಕನ್ನಡಕದವರು ಅಂಗಡಿಯಲ್ಲಿ ಯಾರದೋ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಗೋಡೆಯ ಮೇಲಿನ ಅಕ್ಷರ ಓದಿ ಎಂದು ಹೇಳುವ ಬದಲು, "ಮೂವತ್ತೊಂದು ಹೇಗೆ ಸಾಧ್ಯ?" ಎಂದು ಗಿರಾಕಿಯನ್ನೇ ಕೇಳಿದರಂತೆ.

ಮರುದಿನ ಅವರದು ಇಪ್ಪತ್ತೆರಡು, ಇವರದು ಮೂವತ್ತೆಂಟು. ಅದರ ಮರುದಿನ ಅವರದು ಮೂವತ್ತು, ಇವರದು ನಲವತ್ತನಾಲ್ಕು. ಕನ್ನಡಕದವರು ಬೇಕೆಂದೇ ಫೋನನ್ನು ಕಿಟಕಿಯಲ್ಲಿ ಇಟ್ಟರು, ಹೊರಗಿಂದ ವೈರಸ್ಸು ಚೆನ್ನಾಗಿ ಬರಲಿ ಎಂದು.

"ನಾನು ಸುಳ್ಳು ಲೆಕ್ಕ ಹೇಳ್ತೀನಿ ಅಂತ ಅವನು ಬೀದಿ ತುಂಬ ಆಡ್ಕೋತಿದಾನೆ" ಎಂದು ಇವರು ಕೂಗಾಡಿದರು. "ನಂಗೆ ಬರಹದಲ್ಲಿ ಬೇಕು. ಸರ್ಕಾರಿ ಬರಹ!"

ಶರ್ಟು ಇಸ್ತ್ರಿ ಮಾಡಿಸಿಕೊಂಡು ಪೊಲೀಸ್ ಠಾಣೆಗೆ ಹೊರಟರು. ನಾನೂ ಹೋದೆ. ಒಬ್ಬರನ್ನೇ ಬಿಡುವ ಧೈರ್ಯವಾಗಲಿಲ್ಲ.

ದೂರು ಬರೆದುಕೊಳ್ಳುವ ಪೊಲೀಸಿನವರು ನಡುವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಪೆನ್ನಿನ ಮುಚ್ಚಳ ತೆಗೆದು ಕೇಳಿದರು.

"ಏನು ಕಳುವಾಗಿದೆ?"

"ಏನೂ ಆಗಿಲ್ಲ ಸಾರ್."

"ಯಾರಾದ್ರೂ ಹೊಡೆದ್ರಾ?"

"ಹೊಡೆಯೋದಾ? ನಲವತ್ನಾಲ್ಕು ಜನ ಒಳಗೆ ನುಗ್ಗಿದ್ರು ಸಾರ್. ಒಬ್ಬನ್ನೂ ಬಿಡದ ಹಾಗೆ ಹಿಡಿದಿದೀನಿ."

ಪೊಲೀಸಿನವರು ಕುರ್ಚಿಯಿಂದ ಎದ್ದರು. "ನಲವತ್ನಾಲ್ಕು! ಎಲ್ಲಿಟ್ಟಿದೀರಿ?"

"ಜೇಬಲ್ಲಿ."

ಅವರು ಇವರನ್ನು ನೋಡಿದರು. ನನ್ನನ್ನು ನೋಡಿದರು. ಇವರು ಫೋನು ತೆಗೆದು ತೋರಿಸಿದ ಮೇಲೆ ಮೆಲ್ಲಗೆ ಕೂತರು.

"ನಮ್ಮ ಠಾಣೆಯಲ್ಲಿ ಈ ವರ್ಷ ಹಿಡಿದಿರೋದೇ ಒಂಬತ್ತು" ಎಂದರು. ದನಿಯಲ್ಲಿ ಸ್ವಲ್ಪ ಅಸೂಯೆ ಇದ್ದಂತೆ ನನಗೆ ಕಂಡಿತು. "ಈಗ ನಾನೇನು ಮಾಡ್ಲಿ?"

"ಒಂದು ಚೀಟಿ ಬರ್ಕೊಡಿ ಸಾರ್. ಸೀಲು ಹಾಕಿ. ಎದುರುಮನೆಯವರಿಗೆ ತೋರಿಸ್ಬೇಕು."

ಬೇರೆ ಯಾರೇ ಆಗಿದ್ದರೂ ಗದರಿಸಿ ಕಳಿಸುತ್ತಿದ್ದರು. ಆ ಮನುಷ್ಯ ಇವರ ಇಸ್ತ್ರಿ ಶರ್ಟನ್ನು ಒಮ್ಮೆ ನೋಡಿದರು, ಒಂದು ಹಾಳೆ ಎಳೆದುಕೊಂಡು, ‘ಇವರು ಈ ದಿನ ಠಾಣೆಗೆ ಬಂದು ಹೋದರು’ ಎಂದು ಬರೆದು, ಸೀಲು ಒತ್ತಿ ಕೊಟ್ಟರು. ಬಿಸಿಲಿದೆ, ನೀರು ಕುಡಿದು ಹೋಗಿ ಎಂದೂ ಹೇಳಿದರು. ಆ ಹಾಳೆ ಅಂದೇ ಅಂಗಡಿಯ ಗೋಡೆ ಏರಿತು. ಕನ್ನಡಕದವರು ಬಾಗಿಲಲ್ಲೇ ನಿಂತು ಸೀಲನ್ನಷ್ಟೇ ನೋಡಿದರು, ಬರಹ ಓದಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ತಾಳ್ಮೆ ಎಲ್ಲಿ?

ಗುರುವಾರ ಬೆಳಿಗ್ಗೆ ನನ್ನ ನಾದಿನಿ ಫೋನು ಮಾಡಿದಳು. ಇವರ ತಂಗಿ, ಬ್ಯಾಂಕಿನಲ್ಲಿ ಕೆಲಸ. ಮಾತು ಎಂದರೆ ಪಟಾಕಿ. ಇವರು ಫೋನನ್ನು ಜೋರಾಗಿಟ್ಟು ಮಾತಾಡುವುದರಿಂದ ನನಗೂ ಕೇಳಿಸುತ್ತಿತ್ತು.

"ಅಣ್ಣಾ, ಮೈಯಲ್ಲಿ ಹುಷಾರಿದ್ದೀಯಾ?"

"ಯಾಕೆ? ಚೆನ್ನಾಗೇ ಇದೀನಿ. ಇವತ್ತು ಐವತ್ತು ದಾಟುತ್ತೆ ಅನ್ಸುತ್ತೆ."

"ನಾಲ್ಕು ದಿನದಿಂದ ನಂಗೆ ಅರವತ್ತೆರಡು ಮೆಸೇಜು ಕಳಿಸಿದೀಯ. ‘ನಿಮ್ಮ ಫೋನಿಗೆ ಭಾರಿ ಅಪಾಯ, ತಕ್ಷಣ ಈ ಲಿಂಕ್ ಒತ್ತಿ.’ ನನ್ನ ಹುಟ್ಟಿದಹಬ್ಬಕ್ಕೆ ಜನ್ಮದಲ್ಲಿ ಒಂದು ಮೆಸೇಜು ಕಳಿಸಿದೋನಲ್ಲ ನೀನು. ಇದ್ದಕ್ಕಿದ್ದ ಹಾಗೆ ಏನಪ್ಪಾ ಇಷ್ಟು ಪ್ರೀತಿ?"

"ನಾನು ಒಂದೂ ಕಳಿಸಿಲ್ಲ ಕಣೇ."

"ನೀನು ಕಳಿಸಿಲ್ಲ ಅಂದ್ರೆ ನಿನ್ನ ಫೋನು ಕಳಿಸಿದೆ. ಅದ್ಯಾವುದೋ ದರಿದ್ರ ಆ್ಯಪ್ ಹಾಕ್ಕೊಂಡಿದೀಯ. ನಿನ್ನ ಫೋನಲ್ಲಿ ಯಾರ್ಯಾರ ನಂಬರ್ ಇದೆಯೋ ಅಷ್ಟೂ ಜನಕ್ಕೆ ಹೋಗಿರುತ್ತೆ. ಅತ್ತಿಗೆ ಇದಾರಾ? ಮೊದಲು ಅವರಿಗೆ ಕೊಡು, ನಿನ್ನ ಹತ್ರ ಮಾತಾಡಿದ್ರೆ ನನ್ನ ಬಿಪಿ ಏರುತ್ತೆ."

ಇವರ ಮುಖ ಬೂದಿಯಾಯಿತು. ತಂಗಿಯದು ಬಿಟ್ಟರೆ ಇವರ ಫೋನಿನಲ್ಲಿ ಇದ್ದದ್ದು ಬೀದಿಯ ಹದಿನಾಲ್ಕು ಮನೆಯವರ ನಂಬರು. ಅದೂ ಹೆಸರಿನಿಂದಲ್ಲ, ಬೀಗದಿಂದ: ‘ಮೂರನೇ ಮನೆ ನಂಬರ್ ಬೀಗ’, ‘ಟೀಚರಮ್ಮ ಹಿತ್ತಾಳೆ ಬೀಗ’, ‘ಎದುರುಮನೆ ತುಕ್ಕು ಬೀಗ’.

ಮೇನ್ ರೋಡಿನಲ್ಲಿ ಮೊಬೈಲು ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಒಂಟಿಯಾಗಿ ಅಂಗಡಿ ನಡೆಸುತ್ತಾಳೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಂಕಿಕಡ್ಡಿಯಷ್ಟು ಸಣ್ಣ ತಿರುಪುಳಿ ಹಿಡಿದು ಕೂತಿದ್ದಳು. ಇವರು ಫೋನನ್ನು ಸತ್ತ ಹಕ್ಕಿಯ ಹಾಗೆ ಎರಡೂ ಕೈಯಲ್ಲಿ ಒಪ್ಪಿಸಿದರು. ಅವಳು ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡಿದಳು.

"ಇದು ಆಂಟಿವೈರಸ್ಸೇ ಅಲ್ಲ ಸಾರ್. ನಿಮ್ಮ ಕೆಲಸದ ಭಾಷೇಲಿ ಹೇಳ್ಬೇಕಂದ್ರೆ, ಕಳ್ಳನೇ ಬೀಗ ರಿಪೇರಿಯೋನ ವೇಷ ಹಾಕ್ಕೊಂಡು ಬಂದಿದಾನೆ."

"ಮತ್ತೆ ನಲವತ್ನಾಲ್ಕು ಹಿಡಿದಿದ್ದು?"

"ಒಂದೂ ಹಿಡಿದಿಲ್ಲ. ಬಾಯಿಗೆ ಬಂದ ಅಂಕಿ ತೋರಿಸುತ್ತೆ. ನೀವು ಹೆದರಿದಷ್ಟೂ ಅದಕ್ಕೆ ಲಾಭ."

ಇವರು ತಲೆ ತಗ್ಗಿಸಿದರು. ನಲವತ್ತನಾಲ್ಕನ್ನೂ ಒಂದೇ ಸಲಕ್ಕೆ ಕಳೆದುಕೊಂಡ ದುಃಖ.

"ಹಾಗಾದ್ರೆ ಒಳ್ಳೇದನ್ನ ಗುರುತು ಹಿಡಿಯೋದು ಹೇಗಮ್ಮ?"

"ಫೋನಿನ ಸ್ವಂತ ಸ್ಟೋರಿಂದ ಮಾತ್ರ ಹಾಕ್ಕೊಳ್ಳಿ, ಯಾರೋ ಕಳಿಸಿದ ಲಿಂಕಿಂದ ಬೇಡ. ಹೊರಗಿನ ಸಂಸ್ಥೆಯೋರು ಪರೀಕ್ಷೆ ಮಾಡಿ ಮಾರ್ಕ್ಸ್ ಕೊಟ್ಟಿರ್ತಾರೆ, ಅದನ್ನ ನೋಡಿ. ಒಂದೇ ಇರ್ಲಿ, ಎರಡು ಹಾಕಿದ್ರೆ ಅವೇ ಜಗಳ ಆಡ್ತವೆ. ಬೇಡದ್ದಕ್ಕೆಲ್ಲ ಅನುಮತಿ ಕೇಳಿದ್ರೆ ಕೊಡಬೇಡಿ. ಫೋನು ಅಪ್‌ಡೇಟ್ ಮಾಡಿ ಅಂದಾಗ ಮಾಡಿ. ಒಳ್ಳೆ ಆಂಟಿವೈರಸ್ಸು ದಿನಾ ಡಂಗುರ ಹೊಡೆಯಲ್ಲ ಸಾರ್. ಕೆಲಸ ಇದ್ದಾಗ ಒಂದು ಮಾತು ಹೇಳುತ್ತೆ, ಅಷ್ಟೆ. ಇದನ್ನ ಹಾಕ್ವಾಗ ಮೊದಲಿದ್ದದ್ದು ಏನೂ ಹೇಳಲಿಲ್ವಾ?"

ಇವರು ಸೂರು ನೋಡತೊಡಗಿದರು. ನಾನೇ ಹೇಳಿದೆ, "ಹೇಳಿತ್ತಮ್ಮ. ಅದಕ್ಕೆ ಹೊಟ್ಟೆಕಿಚ್ಚು ಅಂತ ತೆಗೆದುಹಾಕಿದ್ರು."

ಆ ಹುಡುಗಿಗೆ ನಗು ಬಂದಿತ್ತು. ಆದರೆ ಭೂತಗನ್ನಡಿ ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು, ಮೇಜಿನ ಮೇಲೇನೋ ಬಿದ್ದದ್ದನ್ನು ಹುಡುಕುವವಳಂತೆ ಬಗ್ಗಿ, ಅಲ್ಲೇ ನಗು ಮುಗಿಸಿ ಎದ್ದಳು. ಕಳ್ಳ ಆ್ಯಪನ್ನು ತೆಗೆದಳು, ತೆಗೆಯುವ ರೀತಿಯನ್ನು ಇವರ ಕೈಯಿಂದಲೇ ಎರಡು ಸಲ ಮಾಡಿಸಿದಳು, ಮೊದಲಿನ ಆಂಟಿವೈರಸ್ಸನ್ನು ಮತ್ತೆ ಹಾಕಿಕೊಟ್ಟಳು.

ದಾರಿಯಲ್ಲಿ ನಾನು ಹೇಳಿದೆ. "ಇದು ಎದುರುಮನೆಯಿಂದ ಬಂದದ್ದು ಅಂತ ಒಂದು ಮಾತು ಹೇಳಿಬಿಟ್ರೆ ನಿಮ್ಮ ಮೇಲೆ ಬರಲ್ಲ."

"ಹೇಳೋಕೆ ನಂಗೆ ಎಷ್ಟು ಆಸೆ ಇದೆ ಗೊತ್ತಾ?" ಎಂದರು. "ಆದ್ರೆ ನಂಗೆ ಕಳಿಸಿದ್ದು ಅವನ ಹೆಂಡತಿ. ನೀನು ಕೇಳ್ದೆ ಅಂತ ಕೊಟ್ಟಳು. ಅವಳ ಹೆಸರು ಯಾಕೆ ಎಳೀಲಿ?"

ಅವತ್ತು ಮಧ್ಯಾಹ್ನವೇ ಇವರು ಮನೆಮನೆಗೆ ಹೊರಟರು. ಈ ಸಲ ಎಣ್ಣೆ ಡಬ್ಬಿ ಇರಲಿಲ್ಲ. ನನ್ನ ಫೋನಿಂದ ನಿಮಗೆ ಕೆಟ್ಟ ಲಿಂಕ್ ಬಂದಿದೆ, ತಪ್ಪು ನನ್ನದು, ಒತ್ತಿದ್ದರೆ ಫೋನು ಕೊಡಿ, ತೆಗೆದುಕೊಡ್ತೀನಿ ಎಂದು ಒಂದೊಂದು ಬಾಗಿಲಲ್ಲೂ ನಿಂತು ಹೇಳಿದರು. ಹದಿನಾಲ್ಕರಲ್ಲಿ ಹನ್ನೊಂದು ಮನೆಯವರು ಒತ್ತಿದ್ದರು. ಕೊನೆಗೆ ಟೀಚರಮ್ಮನ ಗೇಟಿಗೆ ಬರುವಷ್ಟರಲ್ಲಿ ಹಿಂದೆ ಅರ್ಧ ಬೀದಿಯೇ ಬಂದು ಸೇರಿತ್ತು. ಕನ್ನಡಕದವರೂ ಕೈಕಟ್ಟಿ ನಿಂತಿದ್ದರು. ಇವರು ತಪ್ಪೊಪ್ಪಿಕೊಳ್ಳುವುದನ್ನು ಕೇಳುತ್ತ ಅವರ ಮುಖ ಮೊದಲು ಅರಳಿತು, ಆಮೇಲೆ ನಿಧಾನವಾಗಿ ಏನೋ ಲೆಕ್ಕ ಹಾಕತೊಡಗಿತು.

"ನಾನೂ ಒತ್ತಿದೆ" ಎಂದರು ಟೀಚರಮ್ಮ, ಫೋನು ಕೊಡುತ್ತ. "ಅಂಥವನ್ನೆಲ್ಲ ಒತ್ತೋಳಲ್ಲ ನಾನು. ಬೀಗದವರು ಕಳಿಸಿದ್ದಾರಲ್ಲ, ಏನೋ ಕಾರಣ ಇರುತ್ತೆ ಅಂತ ಒತ್ತಿದೆ."

"ನಾವೂ ಅದಕ್ಕೇ" ಎಂದಿತು ಹಿಂದಿನಿಂದ ಒಂದು ದನಿ. "ಬೀಗದವರು ಅಂತ" ಎಂದಿತು ಇನ್ನೊಂದು.

ಇವರ ಕಿವಿ ಕೆಂಪಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಟೀಚರಮ್ಮನ ಫೋನಿನಿಂದ ಆ್ಯಪನ್ನು ತೆಗೆಯಲು ಮೂರು ಸಲ ಒತ್ತಬೇಕಾಯಿತು. ಎಂಥ ಬೀಗದ ಮುಂದೆಯೂ ತಪ್ಪದ ಬೆರಳು.

ಆಗ ಕನ್ನಡಕದವರು ಮುಂದೆ ಬಂದರು.

"ಒಂದು ನಿಮಿಷ. ಇದು ಅನ್ಯಾಯ."

"ಏನು ಅನ್ಯಾಯ?"

"ಆ ಆ್ಯಪ್ ಮೊದಲು ಹಾಕ್ಕೊಂಡಿದ್ದು ನಾನು! ಇವರಿಗಿಂತ ಹದಿನೆಂಟು ದಿನ ಮುಂಚೆ! ಹಾಗಂದ್ರೆ ನನ್ನ ಫೋನೂ ನಿಮಗೆಲ್ಲ ಆ ಮೆಸೇಜು ಕಳಿಸಿರಬೇಕು. ಬಂತೋ ಇಲ್ವೋ?"

ಜನ ಮುಖಮುಖ ನೋಡಿಕೊಂಡರು. "ಬಂತು" ಎಂದರು ಒಬ್ಬರು. "ನೂರಾರು ಬಂತು" ಎಂದರು ಇನ್ನೊಬ್ಬರು.

"ಮತ್ತೆ ನನ್ನದನ್ನ ಯಾಕೆ ಒಬ್ಬರೂ ಒತ್ತಲಿಲ್ಲ?"

ಅವರ ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ಕನ್ನಡಕದವರು ಮನೆಮನೆಯ ಮುಖವನ್ನೂ ಸರದಿಯಂತೆ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಆಗ ಅವರಿಗೇ ತಾವೇನು ಕೇಳಿಬಿಟ್ಟೆವು ಎಂಬುದು ತಿಳಿದಂತಿತ್ತು. ಕೈ ಕೆಳಗಿಳಿಯಿತು.

ಟೀಚರಮ್ಮ ಒಳಗೆ ಹೋಗಿ ಹಿತ್ತಾಳೆ ಬೀಗದ ಕೈ ತಂದು ಇವರ ಅಂಗೈಯಲ್ಲಿಟ್ಟರು. "ಶನಿವಾರದ ತನಕ ಯಾಕೆ, ಈಗಲೇ ಇಟ್ಟುಕೊಳ್ಳಿ. ನನ್ನ ಹತ್ರ ಇನ್ನೊಂದಿದೆ. ತಪ್ಪು ಮಾಡಿದ್ದು ನನಗೆ ಗೊತ್ತಾಗೋ ಮೊದಲೇ ಬಂದು ಹೇಳಿದ್ರಿ."

ಇವರು ಕೈ ಮುಚ್ಚಿದರು. ನಲವತ್ತು ವರ್ಷದಲ್ಲಿ ಇಂಥ ಗೆಲುವು ಇವರಿಗೆ ಸಿಕ್ಕಿರಲಿಲ್ಲ. ಅದೂ ಎದುರುಮನೆಯವರ ಕಣ್ಣೆದುರಿಗೆ, ಬೀದಿಯವರೆಲ್ಲ ಸೇರಿದ್ದಾಗ. ಕನ್ನಡಕದವರು ತಮ್ಮ ಕನ್ನಡಕ ತೆಗೆದು, ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತಿದ್ದರು. ಇವರು ಅದನ್ನು ನೋಡಿದರು. ಒಂದು ಮಾತು ಚುಚ್ಚುತ್ತಾರೆಂದು ನಾನು ಹೆದರಿದೆ.

"ಟೀಚರಮ್ಮ" ಎಂದರು ಇವರು, "ಬೀಗ ನಾನು ನೋಡ್ಕೋತೀನಿ. ಆದ್ರೆ ಒಳಗೆ ಅಷ್ಟೊಂದು ಕುಂಡ ಇದಾವಲ್ಲ, ನನ್ನ ಕೈಲಿ ಗಿಡ ಉಳಿಯಲ್ಲ. ಅದಕ್ಕೆ ಕಣ್ಣು ಚೆನ್ನಾಗಿರೋರು ಬೇಕು. ಅದು ಇವರಿಗೆ ಒಪ್ಪಿಸಿ."

ಕನ್ನಡಕದವರು ಕನ್ನಡಕ ಹಾಕಿಕೊಂಡರು. "ಬಿಸಿಲಿನ ಗಿಡ ಯಾವುದು, ನೆರಳಿನ ಗಿಡ ಯಾವುದು ಹೇಳ್ಬಿಡಿ ಟೀಚರಮ್ಮ" ಎಂದರು, ಮೂಗಿನಲ್ಲಿ ಸ್ವಲ್ಪ ನೀರಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು!

ಟೀಚರಮ್ಮ ಹೋಗಿ ಮೂರು ವಾರವಾಯಿತು. ದಿನಾ ಬೆಳಿಗ್ಗೆ ಏಳೂವರೆಗೆ ಇವರು ಗೇಟು ತೆಗೆದು ನಿಲ್ಲುತ್ತಾರೆ, ಅವರು ಒಳಗೆ ಹೋಗಿ ನೀರು ಹಾಕುತ್ತಾರೆ, ಇವರು ಮತ್ತೆ ಬೀಗ ಹಾಕುತ್ತಾರೆ. ಎಲ್ಲ ಸರಿಯಾಗಿತ್ತು, ಹೋದ ಸೋಮವಾರದವರೆಗೆ. ಅಂದು ಇವರ ಫೋನಿಗೆ ಟೀಚರಮ್ಮನ ಮೆಸೇಜು ಬಂತು: ‘ಗಿಡಗಳ ಫೋಟೋ ನೋಡಿದೆ. ಎಷ್ಟು ಹೂವು! ಕನ್ನಡಕದವರ ಕೈಗುಣವೇ ಕೈಗುಣ.’

ಇವರು ಅದನ್ನು ಮೇಲೆ ಓದಿದರು, ಕೆಳಗೆ ಓದಿದರು, ತಿರುಗಿಸಿ ನೋಡಿದರು.

"ಬೀಗದ ಬಗ್ಗೆ ಒಂದಕ್ಷರ ಇಲ್ಲ."

"ಬೀಗ ಸರಿಯಾಗಿದೆಯಲ್ಲ ರೀ, ಏನಂತ ಬರೀತಾರೆ?"

"ಬಾಗಿಲು ತೆಗೆಯೋನು ನಾನು. ಹೂವು ಅವನ ಹೆಸರಿಗೆ."

ಮಂಗಳವಾರ ನಾನು ಏಳುವಾಗ ಪಕ್ಕದಲ್ಲಿ ಇವರಿರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಇವರು ನಮ್ಮ ಮನೆಯ ಬಕೆಟ್ಟು, ಚೊಂಬು ಹಿಡಿದು ಮೂಲೆಮನೆಯಿಂದ ಕಳ್ಳಹೆಜ್ಜೆಯಲ್ಲಿ ವಾಪಸು ಬರುತ್ತಿದ್ದರು. ಗಂಟೆ ಆರೂ ಆಗಿರಲಿಲ್ಲ. ಏಳೂವರೆಗೆ ಏನೂ ತಿಳಿಯದವರಂತೆ ಮತ್ತೆ ಗೇಟು ತೆಗೆದುಕೊಟ್ಟರು. ಕನ್ನಡಕದವರು ಒದ್ದೆ ಮಣ್ಣು ಮುಟ್ಟಿ ನೋಡಿದರಂತೆ. ಇವರ ಮುಖ ನೋಡಿದರಂತೆ. ಇವರು ಹಾಕಿದ್ದು ಲೆಕ್ಕಕ್ಕಿಲ್ಲ ಎನ್ನುವ ಹಾಗೆ, ಪ್ರತಿ ಕುಂಡಕ್ಕೂ ಎರಡೆರಡು ಚೊಂಬು ಹಾಕಿದರಂತೆ.

ಅವರ ಹೆಂಡತಿ ಸಂಜೆ ಬಂದು ಕೇಳಿದಳು. "ಅಕ್ಕಾ, ನಿಮ್ಮನೇಲಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತಾರೆ ಅಂತ ಕೇಳ್ಕೊಂಡು ಬಾ ಅಂದ್ರು ನಮ್ಮೋರು."

"ಏಳು ಗಂಟೆ ಅಂತ ಹೇಳಮ್ಮ."

"ಸರಿ ಅಕ್ಕಾ. ನಮ್ಮೋರು ನಾಳೆ ಐದಕ್ಕೇ ಗೇಟಿನ ಹತ್ರ ಹೋಗಿ ನಿಲ್ತಾರಂತೆ, ಬೀಗ ತೆಗೆಸ್ಕೊಳ್ಳೋಕೆ. ಅದನ್ನ ಭಾವನವರಿಗೆ ಹೇಳ್ಬೇಡಿ."

ನಾನು ಹೇಳಲಿಲ್ಲ. ಆದರೂ ಇವತ್ತು ನಾಲ್ಕೂಮುಕ್ಕಾಲಿಗೆ ಬಕೆಟ್ಟಿನ ಸದ್ದಾಯಿತು. ಟೀಚರಮ್ಮ ಬರಲು ಇನ್ನೂ ಐದು ವಾರವಿದೆ. ಅಷ್ಟರಲ್ಲಿ ಆ ಗಿಡಗಳು ಬದುಕಿ ಉಳಿದರೆ, ಖಂಡಿತವಾಗಿ ಈಜು ಕಲಿತಿರುತ್ತವೆ.